ತಹಶೀಲ್ದಾರಬಾಯಿ ಎಂದು ಕರೆದವನು

ತೀರಿಹೋದವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಕೊರಳಲ್ಲಿ ಲಿಂಗ ಇದ್ದವರಿಗೆ ಅಂಥ ಮಾತೇಕೆ ಎಂದು ನಕ್ಕುಬಿಡುತ್ತಿದ್ದೆ. ಎರಡು ವರ್ಷದ ಹಿಂದೆ ಬಸವಕಲ್ಯಾಣದ ನಮ್ಮ ಮನೆಯಲ್ಲಿ ತೊಗರಿಬೇಳೆಯ ಕಲ್ಲು ಆರಿಸುತ್ತ ಕೂತಿದ್ದಾಗ, ಹುಮನಾಬಾದಿನಿಂದ ಅಕ್ಕನ ನೆರೆಮನೆಯವಳ ಫೋನ್ ಬಂತು.

“ನಿಮ್ಮಕ್ಕೋರು ನಿನ್ನಿಯಿಂದ ಹೊರಗ ಬಂದಿಲ್ರಿ. ಕೂಗಿದ್ರ ಆರಾಮ ಇದ್ದೀನಿ ಅಂತಾರ, ಬಾಗಿಲ ಮಾತ್ರ ತಗೀವಲ್ರು.”

ಮೊರವನ್ನು ಹಾಗೇ ಬಿಟ್ಟು ಬಸ್ಸು ಹತ್ತಿದೆ. ಭಾವ ತೀರಿಕೊಂಡ ಮೇಲೆ ಅಕ್ಕ ಒಬ್ಬಳೇ, ಮಕ್ಕಳಿಲ್ಲ. ನಾನು ಬಡಿದಾಗ ಚಿಲಕ ತೆಗೆದಳು. ತುಟಿಯ ಮೇಲೆ ಬೆರಳಿಟ್ಟು, ದೇವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಲಿಂಗಪೂಜೆಗೆ ಕೂತವರು ನಮ್ಮ ಮನೆತನದಲ್ಲಿ ಮಾತಾಡುವುದಿಲ್ಲ, ಅವರನ್ನು ಯಾರೂ ಮಾತಾಡಿಸುವುದೂ ಇಲ್ಲ. ಜೀವಂತ ಇದ್ದಾಳಲ್ಲ, ಅಷ್ಟು ಸಾಕು ಬಸವಣ್ಣ ಎಂದು ಕೈಮುಗಿದು ಹೊರಗೆ ಕೂತೆ.

ಆಗ ಒಳಗಿನಿಂದ ಗಂಡಸಿನ ದನಿ ಮೆಲ್ಲಗೆ ಕೇಳಿತು. “ತಹಶೀಲ್ದಾರಬಾಯಿ, ಇನ್ನೊಂದೇ ಕೆಲಸ ಉಳದದ.”

ಎಲ್ಲರ ಮೇಲೂ ಹುಕುಂ ನಡೆಸುತ್ತಾಳೆಂದು ಭಾವ ಅಕ್ಕನನ್ನು ಹಾಗೆ ಕಾಡಿಸುತ್ತಿದ್ದರು. ಅವರೊಬ್ಬರೇ. ತವರಿನಲ್ಲೂ ಬೇರೆ ಯಾರೂ ಹಾಗೆ ಕರೆದಿಲ್ಲ. ನನ್ನ ಭ್ರಮೆ ಎಂದುಕೊಂಡು ಅಲ್ಲೇ ಕೂತೆ. ಅರ್ಧ ಗಂಟೆ ಕೂತೆ.

ಅಕ್ಕ ಹೊರಬಂದಾಗ ಅಂಗೈಯಲ್ಲಿ ಲಿಂಗವಿರಲಿಲ್ಲ, ಫೋನ್ ಇತ್ತು. ಪೊಲೀಸ್ ವೇಷದವನೊಬ್ಬ ನಿನ್ನೆಯಿಂದ ವಿಡಿಯೋದಲ್ಲೇ ಅವಳನ್ನು ಅರೆಸ್ಟ್ ಮಾಡಿ ಕೂಡಿಸಿದ್ದ. ಯಾರ ಜೊತೆಗೂ ಮಾತಾಡಬಾರದು ಎಂದಿದ್ದ. ಬ್ಯಾಂಕಿನಲ್ಲಿದ್ದದ್ದೆಲ್ಲ ನಾನು ಹೊರಗೆ ಕೂತಿದ್ದ ಆ ಅರ್ಧ ಗಂಟೆಯಲ್ಲೇ ಅವನ ಖಾತೆಗೆ ಹೋಗಿತ್ತು. ಠಾಣೆಗೆ ಹೋದೆವು, ಬರೆದುಕೊಂಡರು. ಏನೂ ತಿರುಗಿ ಬರಲಿಲ್ಲ.

“ಆ ಹೆಸರು ನೀ ಹೇಳಿದ್ದೇನ ಅವಗ?” ಎಂದು ಕೇಳಿದೆ.

“ಲಿಂಗದ ಆಣಿ, ಹೇಳಿಲ್ಲ. ಸುರುವಿಗೆ ಬೈದ. ಆಮ್ಯಾಲ ತಾನೇ ಹಂಗ ಕರದ. ಅದಕ್ಕ ಫೋನ್ ಇಡಲಿಲ್ಲ, ತಂಗಿ.”

ಅಕ್ಕ ಈಗ ನಮ್ಮಲ್ಲೇ ಇದ್ದಾಳೆ. ಎರಡು ಹೊತ್ತು ಉಣ್ಣುತ್ತಾಳೆ, ಅದೇ ದೊಡ್ಡದು. ಆ ಹೆಸರು ಅವನಿಗೆ ಎಲ್ಲಿಂದ ಸಿಕ್ಕಿತೋ, ನಾನು ಕೇಳಿದ ದನಿ ಯಾರದೋ, ಇವತ್ತಿಗೂ ನನಗೆ ತಿಳಿದಿಲ್ಲ. ಮೊನ್ನೆ ನಾನು ಜೋಳದ ಹಿಟ್ಟು ನಾದುವಾಗ ಅಕ್ಕ ಪಕ್ಕದಲ್ಲಿ ಬಂದು ಕೂತಳು.

“ಅವ ಇನ್ನೊಮ್ಮೆ ಫೋನ್ ಮಾಡಿದ್ರ ಎತ್ತಲೇನ? ಈಗ ರೊಕ್ಕ ಅಂತೂ ಉಳದಿಲ್ಲಲ್ಲ.”

ಹಂಚು ಕಾದಿತ್ತು. ರೊಟ್ಟಿ ತಟ್ಟತೊಡಗಿದೆ.