ಮಲ್ಲೇಶ್ವರಿ ಕಟ್ಟಿದ ಪತ್ತೆಮಾರಿ

ನಮ್ಮ ಪಕ್ಕದ ಮನೆಯ ಮಲ್ಲೇಶ್ವರಿ ಹಡಗು ಕಟ್ಟುತ್ತಾಳೆ ಎಂದರೆ ರಾಯಚೂರಿನ ಮಂದಿ ಮೊದಲು ನಗುತ್ತಾರೆ. ನಗು ಮುಗಿದ ಮೇಲೆ ‘ಆಟಿಗಿ ಸಾಮಾನೇನ್ರಿ?’ ಎಂದು ಕೇಳುತ್ತಾರೆ. ಅವಳಿಗೆ ಆ ನಗುವಿಗಿಂತ ಈ ಪ್ರಶ್ನೆಯ ಮೇಲೆ ಹೆಚ್ಚು ಸಿಟ್ಟು. ಅವಳ ಸಿಟ್ಟು ನಮ್ಮ ಓಣಿಗೆಲ್ಲ ಗೊತ್ತು. ಗೊತ್ತಿದ್ದೂ ನಳದ ಹತ್ತಿರ ಮುನವ್ವರ್ ಬೀ ಅವಳನ್ನು ಕೆಣಕದೆ ಕೊಡ ತುಂಬಿಸಿಕೊಂಡವಳಲ್ಲ.

“ಮಲ್ಲವ್ವಾ, ನಿನ್ನ ಜಹಾಜು ಯಾವಾಗ ಹೊಂಡ್ತದ? ನಂಗೂ ಒಂದು ಸೀಟು ಹಿಡಿಯವಾ.”

“ನಿನ್ನ ಭಾರ ನನ್ನ ಹಡಗು ತಡಿಯಂಗಿಲ್ಲ ಬೇ. ನೀ ಲಾರಿ ನೋಡ್ಕೋ.”

ಮುನವ್ವರ್ ಬೀ ನಗುತ್ತಿದ್ದಳು. ಮಲ್ಲೇಶ್ವರಿ ನಗುತ್ತಿರಲಿಲ್ಲ.

ಅವಳು ದೇವದುರ್ಗದ ಕಡೆಯ ಅರಕೇರಾದವಳು. ಮದುವೆಯಾದ ಹೊಸದರಲ್ಲಿ ಗಂಡ ಹುಲಗಪ್ಪನ ಜೊತೆ ದುಡಿಯಲು ಭಟ್ಕಳದ ಕಡೆ ಹೋಗಿದ್ದಳು. ಅಲ್ಲಿ ಮನೆ ಕಟ್ಟುವ ಕೆಲಸ. ಕೆಲಸದ ಜಾಗದಿಂದ ಸ್ವಲ್ಪ ದೂರದಲ್ಲಿ, ದಂಡೆಯ ಮೇಲೆ, ಒಂದು ಹಳೆಯ ಮರದ ಹಡಗು ಮಗ್ಗಲಾಗಿ ಬಿದ್ದಿತ್ತಂತೆ. ಮಧ್ಯಾಹ್ನ ಬುತ್ತಿ ಬಿಚ್ಚಲು ಹೆಂಗಸರೆಲ್ಲ ಅದರ ನೆರಳಿಗೆ ಹೋಗುತ್ತಿದ್ದರು. ಅದು ಪತ್ತೆಮಾರಿ, ಇಂಜಿನ್ನಿಲ್ಲದೆ ಬರೀ ಗಾಳಿಯ ಮೇಲೆ ಮುಂಬಯಿಯ ತನಕ ಹೆಂಚು ಹೊತ್ತುಕೊಂಡು ಹೋಗಿ ಬರುತ್ತಿತ್ತು ಎಂದು ಒಬ್ಬ ಮುದುಕ ಮೀನುಗಾರ ಹೇಳಿದ. ಅವತ್ತಿನಿಂದ ಅವಳು ಉಳಿದವರ ಹಾಗೆ ನೆರಳಿನಲ್ಲಿ ಮಲಗಲಿಲ್ಲ. ಹಡಗಿನ ಒಳಗೆ ಹೊಕ್ಕು ಅದರ ಪಕ್ಕೆಲುಬುಗಳನ್ನು ತಡವಿ ನೋಡುತ್ತಿದ್ದಳು. ಮೊಳದಿಂದ ಅಳೆದು, ಅಳತೆ ಮರೆಯಬಾರದೆಂದು ಒಂದು ಹಳೆಯ ಸೀರೆಗೆ ಗಂಟು ಹಾಕುತ್ತಿದ್ದಳು. ಉದ್ದಕ್ಕೊಂದು ಸಾಲು ಗಂಟು, ಅಗಲಕ್ಕೊಂದು, ಹಾಯಿಕಂಬಕ್ಕೊಂದು.

ಒಂದು ದಿನ ಗರಗಸ ತಂದು ಆ ಹಡಗನ್ನು ಕೊಯ್ದರು.

“ಅಷ್ಟು ಮಂದಿ ಕೈ ಹಚ್ಚಿ ಕಟ್ಟಿದ್ದು ಅಕ್ಕಾ, ಅದನ್ನ ಚಾ ಕಾಸಾಕ ಸುಟ್ರು,” ಎಂದು ಅಷ್ಟು ವರ್ಷಗಳ ನಂತರವೂ ಅದೇ ಸಿಟ್ಟಿನಲ್ಲಿ ನನಗೆ ಹೇಳಿದಳು. “ನಾ ಅಡ್ಡ ನಿಂತೆ. ಮೇಸ್ತ್ರಿ ನನ್ನ ರಟ್ಟಿ ಹಿಡದು ಈಚಿಗೆ ದಬ್ಬಿದ. ನಿಮ್ಮಪ್ಪಂದೇನಬೇ ಅಂದ.”

ಊರಿಗೆ ಮರಳಿದಾಗ ಅವಳ ಬಟ್ಟೆಯ ಮೂಟೆಯಲ್ಲಿ ಆ ಗಂಟಿನ ಸೀರೆ ಇತ್ತು. ಆಮೇಲೆ ಗಂಡ ಹೆಂಡತಿ ಕೆಲವು ವರ್ಷ ಮಾನ್ವಿಯಲ್ಲಿದ್ದರು. ಅಲ್ಲಿ ಸೈಫುದ್ದೀನ್ ಎಂಬ ಮುದುಕರ ಫರ್ನಿಚರ್ ಅಂಗಡಿಯಲ್ಲಿ ಇವಳಿಗೆ ಮಂಚ, ಕುರ್ಚಿಗಳನ್ನು ಪಾಲಿಶ್ ಕಾಗದದಿಂದ ತಿಕ್ಕುವ ಕೆಲಸ ಸಿಕ್ಕಿತು. ತಿಕ್ಕುತ್ತ ತಿಕ್ಕುತ್ತ ಉಳಿ ಹಿಡಿಯುವುದನ್ನೂ ರಂದಾ ಹೊಡೆದು ಮರ ನಯ ಮಾಡುವುದನ್ನೂ ಕಲಿತಳು. ಸಾಗವಾನಿಯ ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ದು ಸಣ್ಣ ಹಡಗು ಮಾಡಲು ಹೆಣಗುತ್ತಿದ್ದುದನ್ನು ಅವರು ನೋಡಿದರು.

“ಬೇಟೀ, ಮಂಚಕ್ಕ ಕಾಲಿರ್ತಾವ, ಕಪಾಟಿಗಿ ಬಾಗಲಿರ್ತದ. ನೀ ಮಾಡೋದಕ್ಕ ಕಾಲೂ ಇಲ್ಲ, ಬಾಗಲೂ ಇಲ್ಲ. ಯಾರು ತಗೋತಾರ?”

“ಮಾರಾಕಲ್ಲ ಚಾಚಾ.”

“ಮತ್ಯಾಕ?”

“ಅವರು ಸುಟ್ರಲ್ಲ, ಅದಕ್ಕ.”

ಅಂದಿನಿಂದ ಸೈಫುದ್ದೀನರು ಒಳ್ಳೆಯ ತುಂಡುಗಳನ್ನು ಒಂದು ಕಡೆ ತೆಗೆದಿಡತೊಡಗಿದರು. ಅವಳು ರಾಯಚೂರಿಗೆ ಬಂದ ಮೇಲೂ ಮಾನ್ವಿ ಬಸ್ಸಿನಲ್ಲಿ ಚೀಲ ಬರುತ್ತಿತ್ತು.

ಅವಳ ಲೆಕ್ಕ ಸರಳ, ಮೊಳಕ್ಕೆ ಒಂದು ಬೆರಳು. ಆ ಹಡಗಿನಲ್ಲಿ ಮೊಳ ಇದ್ದದ್ದು ಇವಳ ಹಡಗಿನಲ್ಲಿ ಬೆರಳಗಲ. ಮೊದಮೊದಲು ಕಟ್ಟಿದವು ಸೊಟ್ಟಗಾದವು. ಅವನ್ನು ತಾನೇ ಕಲ್ಲಿನಿಂದ ಜಜ್ಜಿ ಒಲೆಗೆ ಹಾಕಿದಳು. ಆಮೇಲೆ ಒಂದನ್ನು ಹಿಡಿದಳು ನೋಡಿ, ವರ್ಷಗಳೇ ಹೋದವು. ತೆಳು ಹಲಗೆಗಳನ್ನು ಅನ್ನದ ಗಡಿಗೆಯ ಆವಿಗೆ ಹಿಡಿದು ಬಗ್ಗಿಸಿದಳು. ಹಲಗೆಯ ಸಂದಿಗೆ ಹತ್ತಿ ತುರುಕಿ ಮೇಲೆ ರಾಳ ಬಳಿದಳು. ದೀಪದ ಬತ್ತಿ ಹೊಸೆದ ಹಾಗೆ ತೊಡೆಯ ಮೇಲೆ ಹತ್ತಿ ಹೊಸೆದು ಹಗ್ಗ ಮಾಡಿದಳು. ಹುಲಗಪ್ಪನ ಹಳೆಯ ಧೋತರ ಹಾಯಿಯಾಯಿತು. ಹಳೆಯ ಹಡಗಿನ ತಳದಲ್ಲಿ ಭಾರಕ್ಕೆಂದು ದುಂಡು ಕಲ್ಲು ತುಂಬಿದ್ದರಂತೆ. ಇವಳು ಕೃಷ್ಣೆಯ ದಂಡೆಯಿಂದ ಸಣ್ಣ ಹರಳು ಆರಿಸಿ ತಂದು ತಳಕ್ಕೆ ತುಂಬಿ, ಮೇಲೆ ಹಲಗೆ ಮುಚ್ಚಿದಳು.

“ಕಾಣದ ಕಡೆ ಯಾಕಿಷ್ಟು ಕಷ್ಟ ಪಡ್ತಿ?” ಎಂದೆ ನಾನು.

“ಅದರಾಗ ಇತ್ತು. ಇದರಾಗೂ ಇರಬೇಕು,” ಎಂದಳು, ನಾನೇನೋ ಬೈದೆನೆಂಬಂತೆ.

ಎರಡು ಮೊಳ ಉದ್ದದ ಆ ಹಡಗು ಮುಗಿದಾಗ ಓಣಿಯಲ್ಲಿ ನಗು ನಿಂತಿತು. ಊರಿನ ಒಂದು ಖಾಸಗಿ ಶಾಲೆಯ ಹೆಡ್ ಮಾಸ್ತರರು ಬಂದು ನೋಡಿ, ಹೊಸ ಸಭಾಂಗಣದಲ್ಲಿ ಗಾಜಿನ ಕಪಾಟು ಮಾಡಿಸಿ ಇಡುತ್ತೇವೆ ಎಂದರು. ಕೆಳಗೆ ಹೆಸರು ಬರೆಸುತ್ತೇವೆ ಎಂದೂ ಹೇಳಿದರು.

“ಏನಂತ ಬರಸ್ತೀರಿ?” ಎಂದು ಮಲ್ಲೇಶ್ವರಿ ಕೇಳಿದಳು.

“ಕಟ್ಟಿದವರು ಮಲ್ಲೇಶ್ವರಿ, ಅರಕೇರಾ.”

“ಹುಲಗಪ್ಪನ ಹೆಂಡ್ತಿ ಅಂತ ಬ್ಯಾಡ್ರಿ ಮತ್ತ. ಅವ ಒಂದು ಮೊಳಿ ಸೈತ ಬಡದಿಲ್ಲ.”

“ಧೋತರ ಕೊಟ್ಟೀನಲ್ಲೇ,” ಎಂದ ಒಳಗಿನಿಂದ ಹುಲಗಪ್ಪ.

ಅವಳು ನಕ್ಕದ್ದನ್ನು ನಾನು ಆ ದಿನ ನೋಡಿದೆ.

ಅಷ್ಟರಲ್ಲಿ ಮಳೆ ಹಿಡಿಯಿತು. ಅವಳ ಮನೆಯ ತಗಡು ಸೋರುತ್ತದೆ. ಕಪಾಟು ಸಿದ್ಧವಾಗುವ ತನಕ ಹಡಗನ್ನು ದೇವದುರ್ಗದಲ್ಲಿ ಅಕ್ಕ ಅಮರಮ್ಮನ ಮನೆಯಲ್ಲಿಡುವುದೆಂದಾಯಿತು. ಅಕ್ಕನದು ಆರ್‌ಸಿಸಿ ಮನೆ. ಹಡಗಿಗೆ ಕೌದಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದಳು. ಬರುವಾಗ ಅಕ್ಕನಿಗೆ ಹೇಳಿ ಬಂದಳು: “ಮಡಿಯಿಂದ ಇಡು. ಯಾರನ್ನೂ ಮುಟ್ಟಾಕ ಬಿಡಬ್ಯಾಡ.”

ಶ್ರಾವಣದಲ್ಲಿ ಕೃಷ್ಣೆಗೆ ಪ್ರವಾಹ ಬಂತು. ಅಮರಮ್ಮನ ಮಗ ಅಂಬರೇಶ ನದಿಯ ನಡುಗಡ್ಡೆಯಲ್ಲಿ ಆಡು ಬಿಟ್ಟಿದ್ದ. ಅವನ್ನು ತರಲು ಹರಗೋಲಿನಲ್ಲಿ ಹೋದವನು ಅಲ್ಲೇ ಸಿಕ್ಕಿಬಿದ್ದ. ಎರಡು ದಿನ ಸುದ್ದಿ ಇಲ್ಲ. ಆಮೇಲೆ ನೀರು ಇಳಿದು, ಆಡಿನ ಸಮೇತ ಜೀವಂತ ಬಂದ. ಇಷ್ಟನ್ನು ಫೋನಿನಲ್ಲಿ ಕೇಳಿದ ಮಲ್ಲೇಶ್ವರಿ ನನ್ನ ದೇವರ ಜಗುಲಿಯ ಮುಂದೆ ಬಂದು ಕೈ ಮುಗಿದು ಹೋದಳು. ಒಂದು ವಾರಕ್ಕೆ ಶಾಲೆಯಿಂದ ಕಪಾಟು ಸಿದ್ಧವಾಯಿತೆಂದು ಹೇಳಿ ಕಳಿಸಿದರು. ನಾವಿಬ್ಬರೂ ದೇವದುರ್ಗದ ಬಸ್ಸು ಹತ್ತಿದೆವು.

ಅಮರಮ್ಮ ಬಾಗಿಲಲ್ಲೇ ತಂಗಿಯನ್ನು ತಬ್ಬಿಕೊಂಡಳು. “ನಿನ್ನ ಕೈ ಪುಣ್ಯ ಮಲ್ಲಿ, ನನ್ನ ಮಗ ಉಳದ.”

ಮಲ್ಲೇಶ್ವರಿಗೆ ತಿಳಿಯಲಿಲ್ಲ. ಒಳಗೆ ಹೋದಳು. ದೇವರ ಕೋಣೆಯಲ್ಲಿ ಮಣೆ ಇತ್ತು. ಮಣೆಯ ಮೇಲೆ ಕೌದಿ ಮಡಿಚಿಟ್ಟಿತ್ತು. ಸುತ್ತ ಒಣಗಿದ ಹೂವು, ಕುಂಕುಮ. ಹಡಗಿರಲಿಲ್ಲ.

“ಎಲ್ಲದ?”

“ಗಂಗವ್ವಗ ಬಿಟ್ವಿ,” ಎಂದಳು ಅಮರಮ್ಮ. “ಮಗ ಬಂದ್ರ ತೆಪ್ಪ ಬಿಡ್ತೀನಿ ಅಂತ ಬೇಡ್ಕೊಂಡಿದ್ದೆ.”

ನದಿಯ ದಂಡೆಯ ನಮ್ಮ ಊರುಗಳಲ್ಲಿ ಇದು ಹೊಸದೇನಲ್ಲ. ಜೋಳದ ದಂಟಿನಿಂದಲೋ ಬಾಳೆಯ ದಿಂಡಿನಿಂದಲೋ ಗೇಣುದ್ದದ ತೆಪ್ಪ ಮಾಡಿ, ಖಣ, ಹಸಿರು ಬಳೆ, ಕಡುಬು ಇಟ್ಟು, ದೀಪ ಹಚ್ಚಿ, ನದಿಯ ತಾಯಿ ಗಂಗವ್ವನಿಗೆಂದು ನೀರಿಗೆ ಬಿಡುತ್ತಾರೆ. ನಾನೂ ಬಿಟ್ಟವಳೇ.

ಮಲ್ಲೇಶ್ವರಿ ಮಣೆಯನ್ನು ಒದ್ದಳು. ಅದು ಗೋಡೆಗೆ ಹೋಗಿ ಬಡಿಯಿತು.

“ದಂಟು ಇರಲಿಲ್ಲೇನು ಊರಾಗ? ದಂಟಿಗಿ ಬರ ಬಂದಿತ್ತೇನು?”

“ಏ, ದೇವರ ಮಣಿ ಒದೀತಿಯಾ? ನೀನೇ ಮಡಿಯಿಂದ ಇಡು ಅಂದಿ. ಮಡಿಯಿಂದ ಇಡೋದು ದೇವರ ವಸ್ತು ಅಲ್ಲದ ಮತ್ತೇನು? ನಾ ದಿನಾ ದೀಪ ಹಚ್ಚೀನಿ ಅದಕ್ಕ. ನನ್ನ ಮಗ ನೀರಾಗ ಸಿಕ್ಕಾಗ ಮನಿಯಾಗ ಹಡಗು ಕುಂತದ. ಗಂಗವ್ವನೇ ಮೊದಲ ಕಳಿಸ್ಯಾಳ ಅಂತ ತಿಳದೆ. ಸಣ್ಣ ಹಡಗು ನೀರಿಗಿ ಬಿಡಾಕಲ್ಲದ ಮತ್ಯಾಕ ಮಾಡ್ತಾರ?”

“ನೋಡಾಕ!”

“ನೋಡಾಕ?” ಅಮರಮ್ಮನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಬರೀ ನೋಡಾಕ ಇಷ್ಟು ವರ್ಷ?”

“ಒಂದು ಫೋನು ಮಾಡಾಕ ಏನಾಗಿತ್ತು ನಿನಗ?”

“ಹರಕಿ ತೀರಿಸೂತನ ಬಾಯಿ ಬಿಡಬಾರದು, ಗೊತ್ತಿಲ್ಲೇನು? ಮತ್ತ ನಾ ಸುಮ್ಮನ ಬಿಟ್ಟಿಲ್ಲ ಮಲ್ಲಿ. ಭಿನ್ನ ಆದದ್ದು ದೇವರಿಗಿ ನಡಿಯಂಗಿಲ್ಲ ಅಂತ ಮೂಲಿ ಮೂಲಿ ಹುಡುಕೀನಿ. ಒಂದು ಸೀಳಿಲ್ಲ, ಒಂದು ಚೆಕ್ಕಿ ಎದ್ದಿಲ್ಲ. ಅಷ್ಟು ಚಂದಾಗಿತ್ತು.”

ಆ ಮಾತಿಗೆ ಮಲ್ಲೇಶ್ವರಿಯ ಮುಖ ನೋಡಲು ನನ್ನಿಂದ ಆಗಲಿಲ್ಲ. ಕೊನೆಗೆ ಅವಳು ಸಣ್ಣ ಧ್ವನಿಯಲ್ಲಿ ಅಂದಳು: “ಮಗನ ಜೀವ ನಿಂದು. ಹರಕಿ ನಿಂದು. ಕೊಟ್ಟದ್ದು ಮಾತ್ರ ನಂದು. ನೀ ಏನು ಕೊಟ್ಟೆಬೇ ಅಮರಿ?”

ಅಕ್ಕನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅಮರಮ್ಮ ಅಳತೊಡಗಿದಳು. ಮಲ್ಲೇಶ್ವರಿ ಹೊರಗೆ ಬಂದು, ಕಟ್ಟೆಯ ಮೇಲೆ ಕೂತಿದ್ದ ಅಂಬರೇಶನಿಗೆ, “ಏಳಲೇ, ಎಲ್ಲಿ ಬಿಟ್ರಿ ತೋರಿಸು,” ಎಂದಳು.

ದಂಡೆಯ ಊರಾದ ಹೂವಿನಹೆಡಗಿಯ ಕಡೆ ನದಿ ಇನ್ನೂ ಕೆಂಪಗೆ ಹರಿಯುತ್ತಿತ್ತು. ದಂಡೆಯುದ್ದಕ್ಕೂ ಜಾಲಿಯ ಕಂಟಿಗಳಿಗೆ ಹುಲ್ಲು, ಪ್ಲಾಸ್ಟಿಕ್ಕು ಸಿಕ್ಕಿಕೊಂಡಿದ್ದವು. ಅವಳು ಸೀರೆ ಎತ್ತಿಕಟ್ಟಿ ಒಂದೊಂದು ಕಂಟಿಯನ್ನೂ ಸರಿಸಿ ನೋಡುತ್ತ ಹೋದಳು. ಮುಳ್ಳು ತಾಗಿ ಕೈಯಲ್ಲಿ ರಕ್ತ ಬಂತು. ಮೀನು ಹಿಡಿಯುವವರನ್ನು ಕೇಳಿದಳು. ಯಾರೂ ಕಂಡಿರಲಿಲ್ಲ. ನಾನು ದಿನಾ ದೀಪ ಹಚ್ಚುವವಳು. ಆ ದಂಡೆಯಲ್ಲಿ ಅವಳೆದುರು ದೇವರ ಹೆಸರೆತ್ತಲು ನನಗೆ ಬಾಯಿ ಬರಲಿಲ್ಲ.

ಹುಡುಕಿ ಸಾಕಾಗಿ ನಿಂತಾಗ ಅಂಬರೇಶ ಹೆದರುತ್ತಲೇ ಹೇಳಿದ: “ಚಿಗವ್ವ, ಅದು ಮುಳುಗಲಿಲ್ಲ.”

ಅವಳು ತಿರುಗಿ ನೋಡಿದಳು.

“ಮಗ್ಗಲಾತೇನು?”

“ಇಲ್ಲ. ದಂಟಿನ ತೆಪ್ಪ ಬಿಟ್ಟ ಕೂಡ್ಲೆ ಗಿರ್ರನ ತಿರಗಿ ದಂಡಿಗೇ ಬರ್ತದ. ಇದು ಬರಲಿಲ್ಲ. ನೆಟ್ಟಗ ನಿಂತು ಹೋತು. ಗಾಳಿ ಬಂತು, ಒಂದೀಟು ವಾಲಿತು, ಮತ್ತ ಎದ್ದು ನಿಂತಿತು. ಮಂದಿ ಎಲ್ಲಾ ಸುಮ್ಮನ ನೋಡಿದ್ರು. ಆ ತಿರುವಿನ ತನಕ ದೀಪ ಕಾಣ್ತಿತ್ತು.”

“ಹಾಯಿ?”

“ಉಬ್ಬಿತ್ತು ಚಿಗವ್ವ.”

ಅವಳ ತುಟಿ ಏನೋ ಎಣಿಸುವಂತೆ ಅಲ್ಲಾಡಿತು. ತಳದ ಹರಳು, ಸಂದಿಯ ಹತ್ತಿ, ರಾಳ ಇರಬೇಕು. ಒಂದು ಕ್ಷಣ ಅವಳ ಸಿಟ್ಟು ಇಳಿಯಿತೆಂದು ನನಗನ್ನಿಸಿತು. ಅದು ನನ್ನ ತಪ್ಪು ತಿಳುವಳಿಕೆ. ಮರುಕ್ಷಣ ಅವಳು ಕಲ್ಲೊಂದನ್ನು ಎತ್ತಿ ನದಿಗೆ ಬೀಸಿದಳು.

“ಇಡೀ ಊರು ನೋಡ್ತು! ಆಡು ಕಾಯೋರು ನೋಡಿದ್ರು, ಮೀನು ಹಿಡಿಯೋರು ನೋಡಿದ್ರು. ಕಟ್ಟಿದಾಕಿ ನಾ ನೋಡಲಿಲ್ಲ!” ಎಂದು ಕೂಗಿದಳು. “ನನ್ನ ಕರದಿದ್ರ ನಾನೂ ದಂಡಿಗಿ ನಿಂತು ನೋಡ್ತಿದ್ನಲ್ಲೋ!”

ನೀರಿಗೆ ಇನ್ನೊಂದು ಕಲ್ಲು ಹೋಯಿತು. ಆಮೇಲೆ ಇನ್ನೊಂದು.

ಅಕ್ಕನ ಮನೆಗೆ ಹೋಗದೆ ಹಾಗೇ ಬಸ್ಸು ಹತ್ತಿದಳು. ಮರುದಿನ ಶಾಲೆಗೆ ಹೋಗಿ ಹೇಳಿದಾಗ ಹೆಡ್ ಮಾಸ್ತರರು ಖಾಲಿ ಕಪಾಟು ತೋರಿಸಿ, “ಹೀಗ ಮಾಡ್ರಲ್ಲಮ್ಮ, ಜಲ್ದಿ ಒಂದು ಸಣ್ಣದು ಮಾಡಿ ಕೊಡ್ರಿ. ಹ್ಯಾಂಗೂ ಕೈ ಕೂತದ,” ಎಂದರಂತೆ.

“ಕರದು ಕೊಡಾಕ ಇದೇನು ಮಿರ್ಚಿ ಅಲ್ರಿ ಸರ್,” ಎಂದು ಎದ್ದು ಬಂದಳು. ಈಗ ಆ ಕಪಾಟಿನಲ್ಲಿ ಓಟದ ಪಂದ್ಯದ ಕಪ್ಪುಗಳಿವೆ. ನಾನು ನೋಡಿ ಬಂದೆ. ನನಗೂ ಸಿಟ್ಟು ಬಂತು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಮರಮ್ಮ ಬಂದಳು. ತಲೆಯ ಮೇಲೆ ಕಟ್ಟಿಗೆಯ ಹೊರೆ. ಅರಕೇರಾದ ಹಳೆಯ ಮನೆ ಕೆಡವಿದಾಗ ತೆಗೆದಿಟ್ಟಿದ್ದ ಸಾಗವಾನಿ ಚೌಕಟ್ಟಿನ ತುಂಡುಗಳು. ಹೊಸ್ತಿಲ ಹೊರಗೆ ಇಳಿಸಿ ನಿಂತಳು. ಮಲ್ಲೇಶ್ವರಿ ಬಾ ಎನ್ನಲಿಲ್ಲ. ಎದ್ದು ಬಂದು ಒಂದೊಂದು ತುಂಡನ್ನೂ ಬೆರಳಿನಿಂದ ಬಡಿದು ನೋಡಿ, ಹುಳ ಹತ್ತಿದ್ದನ್ನು ಅಲ್ಲೇ ಬಿಟ್ಟು, ಉಳಿದದ್ದನ್ನು ಒಳಗೆ ಒಯ್ದಳು. ಅಕ್ಕನಿಗೆ ನೀರು ಕೊಟ್ಟವಳು ನಾನು.

ಒಳಗೆ ನೆಲದ ಮೇಲೆ ಗಂಟಿನ ಸೀರೆ ಹಾಸಿತ್ತು. ಅದರ ಮೇಲೆ ಹೊಸ ಹಡಗಿನ ತಳದ ಮರ, ಇಕ್ಕೆಲಕ್ಕೆ ಆಗತಾನೇ ಹಚ್ಚಿದ ಮೊದಲ ಹಲಗೆಗಳು. ಮಲ್ಲೇಶ್ವರಿ ಕೂತು ತೂತು ಕೊರೆಯುವ ಬರ್ಮಾ ಕೈಗೆತ್ತಿಕೊಂಡಳು. ಒಂದು ಹಲಗೆಯ ನಟ್ಟನಡುವೆ ಅದರ ತುದಿಯಿಟ್ಟು ತಿರುಗಿಸತೊಡಗಿದಳು. ಹಲ್ಲು ಕಚ್ಚಿದ್ದಳು. ಅಷ್ಟು ನಯ ಮಾಡಿದ ಹಲಗೆಗೆ ತೂತು ಕೊರೆಯುವುದು ಅವಳಿಗೇ ಎಷ್ಟು ಸಂಕಟವೆಂದು ಅವಳ ಕೈ ಹೇಳುತ್ತಿತ್ತು.

“ತಳಕ್ಕ ಯಾಕ ತೂತು ಹಾಕ್ತಿಯೇ?” ಎಂದಳು ಅಮರಮ್ಮ ಹೊಸ್ತಿಲಿನಿಂದಲೇ. “ನೀರು ಬರಂಗಿಲ್ಲೇನು?”

ಬರ್ಮಾ ಆಚೆ ಬದಿಗೆ ತೂರಿತು. ಮಲ್ಲೇಶ್ವರಿ ಹೊಟ್ಟು ಊದಿದಳು. ಶ್ರಾವಣದ ನಂತರ ಅಕ್ಕನ ಜೊತೆ ಅವಳು ಆಡಿದ ಮೊದಲ ಮಾತು ಅದು:

“ಭಿನ್ನ ಆದದ್ದು ನಿನ್ನ ಗಂಗವ್ವಗ ನಡಿಯಂಗಿಲ್ಲಲ್ಲ. ಇನ್ನ ಒಯ್ಯಿ ನೋಡೋಣು.”