ಸಣ್ಣಕ್ಷರದ ಹನುಮಂತಪ್ಪ

ಅಂಗಡಿಗೆ ಬರುವ ಗಿರಾಕಿಗಳೆಲ್ಲ ಡಬ್ಬದ ಮೇಲಿನ ಬಣ್ಣದ ಚಿತ್ರ ನೋಡಿದರೆ, ಹನುಮಂತಪ್ಪನವರು ಡಬ್ಬವನ್ನೇ ಬೋರಲು ಹಾಕಿ ಅದರ ತಳ ನೋಡುತ್ತಿದ್ದರು. ಕಿಸೆಯಿಂದ ಹಿಡಿಕೆ ಮುರಿದ ಭೂತಗನ್ನಡಿ ತೆಗೆದು, ಅಲ್ಲಿನ ಸಣ್ಣ ಅಕ್ಷರಗಳ ಮೇಲೆ ನಿಧಾನಕ್ಕೆ ಸರಿಸುತ್ತ, ತುಟಿ ಅಲ್ಲಾಡಿಸುತ್ತ ಓದುವರು. ಹಿಂದೆ ಹತ್ತು ಜನ ನಿಂತಿದ್ದರೂ ಅಷ್ಟೇ. ಯಾರಾದರೂ ತಾಳ್ಮೆಗೆಟ್ಟು "ಎಷ್ಟೊತ್ತರೀ ಯಜಮಾನ್ರ" ಅಂದರೆ, ತಲೆ ಎತ್ತದೆಯೇ ಉತ್ತರ ಬರುತ್ತಿತ್ತು: "ದೊಡ್ಡಕ್ಷರ ಅಂದ್ರ ಅವರು ಆಸೆಪಟ್ಟು ಹೇಳಿದ್ದು. ಸಣ್ಣಕ್ಷರ ಅಂದ್ರ ಹೇಳದ ಗತಿ ಇಲ್ಲ ಅಂತ ಹೇಳಿದ್ದು. ನಾ ಎರಡನೇದ್ದು ಓದಾಕತ್ತೀನ್ರಿ, ಒಂಚೂರು ತಡೀರಿ."

ಮುನಿರಾಬಾದಿನಲ್ಲಿ ಗೇಜ್ ರೀಡರ್ ಆಗಿದ್ದವರು ಅವರು. ಕಾಲುವೆಯ ಗೋಡೆಗೆ ಬರೆದ ಗೆರೆಗಳಲ್ಲಿ ನೀರು ಎಲ್ಲಿಯವರೆಗೆ ನಿಂತಿದೆ ಎಂದು ಓದಿ, ಬರೆದು ಕಳಿಸುವುದು ಕೆಲಸ. ನಿವೃತ್ತಿಯಾದ ಮೇಲೆ ಗಂಗಾವತಿಗೆ ಬಂದು ಸಣ್ಣದೊಂದು ಮನೆ ಮಾಡಿದ್ದರು. ಹೆಂಡತಿ ಹಿಂದೆಯೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮಧ್ಯಾಹ್ನವೆಲ್ಲ ಗ್ರಂಥಾಲಯದಲ್ಲಿ, ಸಂಜೆ ಪೇಟೆಯಲ್ಲಿ. "ಮೂವತ್ತು ವರ್ಷ ನೀರು ಓದೀನಿ, ಈಗ ಕಾಗದಾ ಓದತೀನಿ" ಅನ್ನುವರು.

ನಾನು ಹತ್ತಿರದ ಮರಳಿ ಎಂಬ ಊರಿನವನು, ಹೆಸರು ಶರಣಪ್ಪ. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಗಂಗಾವತಿಯ ಒಂದು ಯಂತ್ರಗಳ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದೆ. ಮಿಕ್ಸರ್, ಗ್ರೈಂಡರ್, ಫ್ಯಾನು, ಖಾನಾವಳಿಗಳಿಗೆ ಬೇಕಾಗುವ ರೊಟ್ಟಿ ಯಂತ್ರ ಎಲ್ಲ ಮಾರುತ್ತಿದ್ದೆವು. ಅವರು ಮೊದಲ ಸಲ ಬಂದದ್ದು ಒಂದು ಟೇಬಲ್ ಫ್ಯಾನಿಗೆ. ತಳ ಓದಿದರು, ಬಗಲು ಓದಿದರು, ಒಳಗಿನ ವಾರಂಟಿ ಕಾರ್ಡು ಓದಿದರು. ಆಮೇಲೆ ಕಾರ್ಡನ್ನು ನನ್ನ ಮುಂದೆ ಇಟ್ಟು, "ಇಲ್ಲಿ ಅಂಗಡಿ ಶಿಕ್ಕಾ ಹೊಡಿಬೇಕಂತ ಬರದಾರ, ಹೊಡೀರಿ" ಅಂದರು. ಶಿಕ್ಕಾ ಎಲ್ಲಿದೆ ಎಂದು ನನಗೆ ಗೊತ್ತಿದ್ದರಲ್ಲವೇ! ಅಂಗಡಿಯೆಲ್ಲ ತಡಕಾಡಿ ಕೊನೆಗೆ ದೇವರ ಫೋಟೋದ ಹಿಂದೆ ಸಿಕ್ಕಿತು. ಮಸಿಯ ಪ್ಯಾಡು ಒಣಗಿ ಕಟ್ಟಿಗೆಯಾಗಿತ್ತು. ಅಲ್ಲಿಯವರೆಗೆ ಗಂಗಾವತಿಯಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನು ಅದರ ಮೇಲೆ ನೀರು ಚಿಮುಕಿಸಿ ಒತ್ತುತ್ತಿದ್ದರೆ ಹನುಮಂತಪ್ಪನವರು ಬಿದ್ದು ಬಿದ್ದು ನಕ್ಕರು. "ಲೇ ತಮ್ಮಾ, ನೀ ಏನು ಮಾರ್ತಿಯೋ ಅದನ್ನ ನೀನ ಓದಿಲ್ಲಲ್ಲೋ!"

ಆ ಮಾತು ನನಗೆ ನಾಟಿತು. ಮರುವಾರ ಗ್ರಂಥಾಲಯಕ್ಕೆ ಹೋಗಿ, "ಏನು ಓದಲಿ ಹೇಳ್ರಿ ಸರ್" ಅಂದೆ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಮೂರು ಹೆಸರು ಬರೆದುಕೊಟ್ಟರು. ಮೊದಲನೆಯದು ಹೈಸ್ಕೂಲಿನ ಸಮಾಜ ವಿಜ್ಞಾನದ ಪಠ್ಯ! ಮೀಸೆ ಬಂದ ಗಂಡಸು ಸಾಲಿ ಪುಸ್ತಕ ಹಿಡಿದು ಕೂತರೆ ಜನ ಏನಂದಾರು ಎಂದು ಮುಖ ಸಣ್ಣ ಮಾಡಿದೆ. "ನಾಚಿಕಿ ಬರ್ತೈತೇನು? ಬರಲಿ. ಮೊದಲು ಅದನ್ನ ಓದು. ಗ್ರಾಹಕ ಅಂದ್ರ ಯಾರು, ಅವನ ಹಕ್ಕು ಯಾವು, ಎಲ್ಲಾ ಅದರಾಗ ಐತಿ. ಪರೀಕ್ಷಾದಾಗ ಬರದು ಹೊರಗ ಬಂದು ಮರ್ತಿ, ಅಷ್ಟ" ಅಂದರು.

ಅದು ಮುಗಿದ ಮೇಲೆ ಗ್ರಾಹಕ ಕಾಯಿದೆಯ ಕನ್ನಡ ಕೈಪಿಡಿ, ಆಮೇಲೆ ಬಿ.ಎ. ಮಕ್ಕಳ ಅರ್ಥಶಾಸ್ತ್ರ. ಓದಿದೆ ಅಂದರೆ ಸಾಲದು, ಒಪ್ಪಿಸಬೇಕು. ಅದೂ ಪುಸ್ತಕದ ಮಾತಿನಲ್ಲಿ ಅಲ್ಲ. "ನಿಮ್ಮವ್ವಗ ತಿಳಿಯೂ ಹಂಗ ಹೇಳಲೇ" ಅನ್ನುವರು. ಒಮ್ಮೆ ನಾನು ಆರ್ಥಿಕ ಅಭಿವೃದ್ಧಿ ಎಂದರೆ ರಾಷ್ಟ್ರೀಯ ವರಮಾನದ ಏರಿಕೆ ಎಂದು ಗಿಣಿಪಾಠ ಒಪ್ಪಿಸಿದಾಗ ಮೇಜು ಕುಟ್ಟಿ ನಿಲ್ಲಿಸಿದರು. "ಡ್ಯಾಮಿನ್ಯಾಗ ಎಷ್ಟು ನೀರೈತಿ ಅನ್ನೂದು ಒಂದು ಓದು. ಕಾಲುವಿ ಕೊನೀ ಹೊಲದಾವಗ ಎಷ್ಟು ಮುಟ್ಟಿತು ಅನ್ನೂದು ಇನ್ನೊಂದು ಓದು. ಪೇಪರಿನವರು ಮೊದಲನೇದ್ದು ಬರೀತಾರ. ಅಭಿವೃದ್ಧಿ ಎರಡನೇದ್ದು." ಗ್ರಂಥಾಲಯದಲ್ಲಿ ಪೇಪರು ಓದುತ್ತಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಇವತ್ತಿಗೂ ಅಭಿವೃದ್ಧಿ ಅಂದರೆ ಆ ಕೊನೆಯ ಹೊಲವೇ ಕಣ್ಣಿಗೆ ಬರುತ್ತದೆ.

ಐದು ವರ್ಷ ಹೀಗೆ ಓದಿಸಿದರು. ಹೊರಗಿನಿಂದ ಕಟ್ಟಿ ಪಿಯುಸಿ ಪಾಸಾದೆ, ಬಿ.ಎ.ನೂ ಮುಗಿಸಿದೆ. ನನ್ನ ಮದುವೆಗೆ ಮರಳಿಗೆ ಬಂದು, ಊಟದ ಪಂಕ್ತಿಯಲ್ಲಿ ನೀರಿನ ಬಾಟಲಿ ಬೋರಲು ಹಾಕಿ ಓದಿ, "ಇವು ಅವಧಿ ಮುಗದಾವ, ಎಲ್ಲಾ ವಾಪಸ್ ಕಳಸ್ರಿ" ಎಂದು ಎದ್ದು ನಿಂತರು. ನಮ್ಮ ಮಾವನ ಕಡೆಯವರು ಮುಖ ಉಬ್ಬಿಸಿಕೊಂಡರು. ನನಗೆ ಮಾತ್ರ ಹೆಮ್ಮೆ. ಇವರು ನಮ್ಮವರು ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಹೆಮ್ಮೆಪಟ್ಟ ಆ ಬಾಯಿ ಆಮೇಲೆ ಏನು ಮಾಡಿತು ಅನ್ನುವುದನ್ನು ಈಗ ಹೇಳಬೇಕು. ಹೇಳಲು ಮನಸ್ಸಿಲ್ಲ. ಆದರೂ ಹೇಳುತ್ತೇನೆ.

ಹನುಮಂತಪ್ಪನವರ ತಂಗಿಯ ಮಗಳು ರೇಣವ್ವ ಕುಷ್ಟಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುತ್ತಿದ್ದಳು. ಗಂಡ ಬಿಟ್ಟುಹೋಗಿದ್ದ. ದಿನವೂ ನೂರಾರು ಜೋಳದ ರೊಟ್ಟಿ ತಟ್ಟಿ ತಟ್ಟಿ ಅವಳ ಮುಂಗೈ ಬಾತು, ತಂಬಿಗೆ ಎತ್ತಲೂ ಆಗದ ಹಾಗಾಗಿತ್ತು. ರೊಟ್ಟಿ ಯಂತ್ರ ತಗೋ ಎಂದು ಒತ್ತಾಯ ಮಾಡಿದವರು ಹನುಮಂತಪ್ಪನವರೇ. ಎಲ್ಲಿ ತಗೋಬೇಕು ಎಂದು ಹೇಳಿದವರೂ ಅವರೇ. ಆ ವಾರ ಅವರ ಕಣ್ಣಿನ ಪೊರೆ ತೆಗೆದಿದ್ದರು, ಪಟ್ಟಿ ಕಟ್ಟಿತ್ತು. ನನಗೆ ಫೋನು ಮಾಡಿದರು. "ರೇಣವ್ವ ಬರ್ತಾಳ. ನನಗ ಈ ಸಲ ಓದಾಕ ಆಗೂದಿಲ್ಲ. ನನ್ನ ಪಾಲಿಂದೂ ನೀನ ಓದಿ ಕೊಡು ಶರಣ್ಯಾ."

ಅಂಗಡಿಯಲ್ಲಿ ಆಗ ಒಂದೇ ರೊಟ್ಟಿ ಯಂತ್ರವಿತ್ತು. ಅದು ಮೊದಲು ಯಾರೋ ಒಯ್ದು, ಮೋಟರು ಸುಟ್ಟು, ಜಗಳವಾಡಿ ವಾಪಸು ಕೊಟ್ಟಿದ್ದ ಯಂತ್ರ. ಮಾಲಕರು ಮೋಟರಿಗೆ ಹೊಸ ತಂತಿ ಸುತ್ತಿಸಿ, ಬಣ್ಣ ಹೊಡೆಸಿ, ಮತ್ತೆ ಡಬ್ಬಕ್ಕೆ ಹಾಕಿಸಿದ್ದರು. ಬಣ್ಣ ಹೊಡೆಯುವ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿದವನು ನಾನೇ. "ಅದನ್ನ ಕೊಟ್ಟು ಕಳಸು" ಅಂದರು ಮಾಲಕರು. ಯಲಬುರ್ಗಾದಲ್ಲಿ ಹೊಸ ಶಾಖೆ ತೆರೆಯುವವರಿದ್ದರು, ಅದರ ಉಸ್ತುವಾರಿ ನನಗೇ ಅಂದಿದ್ದರು. ಡಬ್ಬ ಹೊತ್ತು ತಂದು ಮುಂದಿಟ್ಟೆ. ರೇಣವ್ವ "ಛಲೋ ಐತಲ್ಲಣ್ಣಾ?" ಅಂದಳು. "ಹೊಸಾದ ಐತವ್ವಾ, ಕಣ್ಣು ಮುಚ್ಚಿ ಒಯ್ಯಿ" ಅಂದೆ.

ನಮ್ಮ ಕಡೆ ಹೊಸ ಯಂತ್ರ ಮನೆಗೆ ಬಂದರೆ ಕರೆಂಟು ಹಚ್ಚುವ ಮೊದಲು ಪೂಜೆಯಾಗಬೇಕು. ವಿಭೂತಿ, ಕುಂಕುಮ, ಒಂದು ತೆಂಗಿನಕಾಯಿ. ರೇಣವ್ವ ಅದನ್ನೆಲ್ಲ ಮಾಡಿ, ಕೈ ಮುಗಿದು ಸ್ವಿಚ್ ಹಾಕಿದಳು. ನಾಲ್ಕನೆಯ ದಿನ ಹೊಗೆ ಬಂತು. ವಾಪಸು ತಂದರೆ ಮಾಲಕರು "ನೀವು ಹೆಂಗೆಂಗೋ ವಾಪರಿಸೀರಿ, ನಮ್ಮ ಜವಾಬ್ದಾರಿ ಅಲ್ಲ" ಎಂದು ಬಾಗಿಲಿನಿಂದಲೇ ಕಳಿಸಿದರು. ನಾನು ಒಳಗೆ ಗೋಡೌನಿನಲ್ಲಿ ನಿಂತಿದ್ದೆ.

ಅಷ್ಟರಲ್ಲಿ ಹನುಮಂತಪ್ಪನವರ ಕಣ್ಣಿನ ಪಟ್ಟಿ ಬಿಚ್ಚಿದ್ದರು. ಕುಷ್ಟಗಿಗೆ ಹೋಗಿ, ಖಾನಾವಳಿಯ ನೆಲದ ಮೇಲೆ ಕೂತು, ಭೂತಗನ್ನಡಿ ಹಿಡಿದು ಆ ಯಂತ್ರವನ್ನು ಮಧ್ಯಾಹ್ನವಿಡೀ ನೋಡಿದರಂತೆ. ಮುಂಭಾಗಕ್ಕೆ ರೇಣವ್ವ ಹಚ್ಚಿದ ಕುಂಕುಮ ಕೆಂಪಗಿತ್ತು. ಹಿಂದಿನ ತಿರುಪಿನ ತಗ್ಗಿನಲ್ಲಿ ಇನ್ನೊಂದು ಕುಂಕುಮ, ಒಣಗಿ ಕಪ್ಪಾದದ್ದು, ಹೊಸ ಬಣ್ಣದ ಅಡಿಗೆ ಸಿಕ್ಕಿಕೊಂಡಿತ್ತು. "ರೇಣವ್ವಾ, ಈ ಯಂತ್ರಕ್ಕ ನಿನಗಿಂತ ಮೊದಲ ಯಾರೋ ಪೂಜಿ ಮಾಡ್ಯಾರ" ಅಂದರಂತೆ. ನಾನು ಒರೆಸುವಾಗ ಬಿಟ್ಟದ್ದು ಅದೊಂದೇ ತಗ್ಗು.

ಕೊಪ್ಪಳದ ಗ್ರಾಹಕರ ಆಯೋಗಕ್ಕೆ ದೂರು ಹೋಯಿತು. ರೇಣವ್ವಳ ಪರವಾಗಿ ಹನುಮಂತಪ್ಪನವರೇ ನಿಂತರು. ಮಾಲಕರು ಗಾಬರಿಯಾಗಿ, "ಕುಂಕುಮಕ್ಕ ಏನು ಹೇಳೂದಲೇ?" ಅಂದರು. ಉತ್ತರ ಹುಡುಕಿಕೊಟ್ಟವನು ನಾನು. ಓದಿದವನಲ್ಲವೇ! ದೀಪಾವಳಿಗೆ ಅಂಗಡಿಯ ಎಲ್ಲ ಯಂತ್ರಗಳಿಗೂ ಪೂಜೆ ಮಾಡುತ್ತೇವೆ, ಇದಕ್ಕೂ ನಾನೇ ಕೈಯಾರೆ ಕುಂಕುಮ ಹಚ್ಚಿದ್ದೆ, ಯಂತ್ರ ಹೊಸದೇ ಎಂದು ನನ್ನ ಹೆಸರಿನಲ್ಲೇ ಆಣೆ ಮಾಡಿ ಪ್ರಮಾಣಪತ್ರ ಬರೆಸಿದೆ. ಬಣ್ಣದ ಮಾತು ಬಂದರೆ ಅದು ಪೂಜೆಯಾದ ಮೇಲೆ ಗೀರು ಬಿದ್ದದ್ದಕ್ಕೆ ಅಂಗಡಿಯಲ್ಲೇ ಮತ್ತೆ ಹೊಡೆಸಿದ್ದು ಅಂತಲೂ ಸೇರಿಸಿದೆ. ಯಾವ ಮಾತು ಎಲ್ಲಿ ನಿಲ್ಲುತ್ತದೆ ಎಂದು ಅವರು ಓದಿಸಿದ ಕೈಪಿಡಿಯಿಂದಲೇ ಕಲಿತಿದ್ದೆ. ಉಂಡ ಮನೆಯ ಜಂತೆ ಎಣಿಸುವವರು ಅಂತಾರಲ್ಲ, ನಾನು ಅವರಿಗಿಂತ ಕಡೆ.

ವಿಚಾರಣೆಯ ದಿನ ನನ್ನನ್ನು ಪ್ರಶ್ನೆ ಕೇಳಲು ಅವರಿಗೆ ಅವಕಾಶ ಸಿಕ್ಕಿತು. ಬಿಳಿ ಅಂಗಿ ತೊಟ್ಟು, ಎದ್ದು ನಿಂತು, ನನ್ನನ್ನೇ ನೋಡಿದರು. ಯಾವಾಗಲೂ 'ಲೇ ಶರಣ್ಯಾ' ಅನ್ನುತ್ತಿದ್ದವರು ಅವತ್ತು ಬಹುವಚನ ಹಚ್ಚಿದರು.

"ಶರಣಪ್ಪನವರ, ಈ ಪ್ರಮಾಣಪತ್ರ ನೀವು ಓದಿ ಸಹಿ ಮಾಡೀರೋ, ಓದದ ಮಾಡೀರೋ?"

ನನಗೆ ಅರ್ಥವಾಯಿತು. ಅದು ಪ್ರಶ್ನೆಯಲ್ಲ, ನಾನು ಪಾರಾಗಲು ತೆರೆದಿಟ್ಟ ಬಾಗಿಲು. 'ಓದಿಲ್ರಿ, ಮಾಲಕರು ಮಾಡು ಅಂದ್ರು, ಮಾಡಿದೆ' ಅಂದಿದ್ದರೆ ಆ ಕಾಗದ ಅಲ್ಲೇ ಬಿದ್ದುಹೋಗುತ್ತಿತ್ತು. ನಾನು ದಡ್ಡನಾಗುತ್ತಿದ್ದೆ, ಸುಳ್ಳನಾಗುತ್ತಿರಲಿಲ್ಲ. ಬೆಂಚಿನ ಮೇಲೆ ಕೂತ ಮಾಲಕರು ಕೆಮ್ಮಿದರು.

"ಓದೇ ಮಾಡೀನ್ರಿ" ಅಂದೆ.

"ಪೂರ್ತಿ?"

"ಪೂರ್ತಿ ರೀ."

"ನನ್ನ ಪ್ರಶ್ನೆ ಮುಗದ್ವರಿ ಸಾಹೇಬ್ರ" ಎಂದು ಕೂತುಬಿಟ್ಟರು. ಯಂತ್ರ ಹಳೆಯದೆಂಬುದು ಸಾಬೀತಾಗಲಿಲ್ಲ ಎಂದು ದೂರು ವಜಾ ಆಯಿತು. ನನಗೆ ಯಲಬುರ್ಗಾದ ಶಾಖೆ ಸಿಕ್ಕಿತು. ರೇಣವ್ವ ಮತ್ತೆ ಕೈಯಿಂದಲೇ ರೊಟ್ಟಿ ತಟ್ಟತೊಡಗಿದಳು ಎಂದು ಕೇಳಿದೆ. ಕುಷ್ಟಗಿಯ ಮೇಲೆ ಹೋಗುವಾಗ ನಾನು ಬಸ್ಸಿನಿಂದ ಇಳಿಯುತ್ತಿರಲಿಲ್ಲ, ಕಿಟಕಿಯ ಪರದೆ ಎಳೆದುಕೊಂಡು ಕೂತಿರುತ್ತಿದ್ದೆ.

ಕಡೆಗೂ ಒಂದು ಭಾನುವಾರ ಗಂಗಾವತಿಯ ಅವರ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದರು. ಬಹಳ ಸೊರಗಿದ್ದರು. ಕಾಲಿಗೆ ಬಿದ್ದು ಎಲ್ಲ ಹೇಳಿದೆ: ಹಳೆಯ ಯಂತ್ರ, ಹೊಸ ಬಣ್ಣ, ಒದ್ದೆ ಬಟ್ಟೆ, ಸುಳ್ಳು ದೀಪಾವಳಿ. ಹೇಳುತ್ತಲೇ ಅತ್ತುಬಿಟ್ಟೆ. ಅವರು ಪೂರ್ತಿ ಕೇಳಿ, ಒಂದೇ ಮಾತು ಅಂದರು.

"ತೀರ್ಪು ಬಂದು ಎಷ್ಟು ದಿನಾ ಆದ್ವು?"

ಮೇಲ್ಮನವಿಗೆ ನಲವತ್ತೈದು ದಿನದ ಗಡುವು. ನಾನು ಹೋದದ್ದು ಐವತ್ತೊಂದನೆಯ ದಿನ. ಅದು ಅಕಸ್ಮಾತ್ ಅಲ್ಲ. ಗಡುವು ದಾಟಲಿ ಎಂದು ದಿನ ಎಣಿಸುತ್ತ ಕೂತಿದ್ದೆ. ಅದು ಅವರಿಗೂ ತಿಳಿಯಿತು ಎಂದು ಅವರ ಮುಖದಲ್ಲೇ ಕಂಡಿತು.

"ಐವತ್ತೊಂದು ರೀ" ಅಂದೆ.

"ನೀವು ವಾರದ ಹಿಂದ ಬಂದಿದ್ರ ರೇಣವ್ವಗ ಅನುಕೂಲ ಆಗ್ತಿತ್ತು. ಇವತ್ತು ಬಂದದ್ದು ನಿಮಗ ಅನುಕೂಲ." ದನಿಯಲ್ಲಿ ಸಿಟ್ಟಿರಲಿಲ್ಲ. ಒಳಗೆ ಹೋಗಿ ಚಹಾ ತಂದರು, ಜೊತೆಗೆ ಒಂದು ಬಿಳಿ ಹಾಳೆ, ಒಂದು ಪೆನ್ನು. "ಇರ್ಲಿ. ಕಾರಣಾ ಖರೇ ಇದ್ರ ತಡಾ ಆದದ್ದನ್ನೂ ಮನ್ನಾ ಮಾಡ್ತಾರ, ಅದೂ ಕಾಯಿದ್ಯಾಗ ಐತಿ. ಈಗ ಬಾಯಿಲೆ ಹೇಳಿದ್ದನ್ನ ಇದರ ಮ್ಯಾಲ ಬರೀರಿ. ನಾಲ್ಕು ಸಾಲು ಸಾಕು. ಉಳದದ್ದು ನಾ ನೋಡ್ಕೋತೀನಿ."

ಹಾಳೆ ನೋಡಿದೆ. ಹೆಂಡತಿ ಕಣ್ಣ ಮುಂದೆ ಬಂದಳು, ಯಲಬುರ್ಗಾದ ಬಾಡಿಗೆ ಮನೆ ಬಂತು, ಸುಳ್ಳು ಸಾಕ್ಷಿ ಹೇಳಿದವನಿಗೆ ಆಗುವ ಶಿಕ್ಷೆಯ ಕಲಮು ಕೂಡ ನೆನಪಾಯಿತು. ಅದನ್ನೂ ಓದಿಕೊಂಡಿದ್ದೆ ನೋಡಿ.

"ನಾಳೆ ಬಂದು ಬರದ ಕೊಡ್ತೀನ್ರಿ ಸರ್."

"ಹೂಂ" ಅಂದರು. "ಚಾ ಆರತೈತಿ, ಕುಡೀರಿ."

ಕುಡಿದು ಬಂದೆ. ಮರುದಿನ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಎರಡು ತಿಂಗಳಿಗೆ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ದೂರ ನಿಂತಿದ್ದೆ. ರೇಣವ್ವ ನನ್ನನ್ನು ಕಂಡು, "ಮಾಮಾ ಕಡೀತನಕಾ ನಿಮ್ಮ ಮ್ಯಾಲ ಒಂದು ಕೆಟ್ಟ ಮಾತು ಆಡಲಿಲ್ಲಣ್ಣಾ. 'ಶರಣ್ಯಾ ಬರ್ತಾನ, ಓದಿದಾಂವ ಅದಾನ' ಅಂತಿದ್ದ" ಅಂದಳು. ಬಾತ ಮುಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಯಲಬುರ್ಗಾದ ಬಸ್ಸಿಗೆ ಹೊತ್ತಾಯಿತು ಎಂದು ಅವಳಿಗೆ ಕೈ ಮುಗಿದು ಬಂದುಬಿಟ್ಟೆ.

ಅವರು ಕೇಳಿದ್ದು ನಾಲ್ಕು ಸಾಲು. ಈಗ ಇಷ್ಟುದ್ದ ಬರೆದಿದ್ದೇನೆ. ಅಂಗಡಿಯ ಹೆಸರು ಮಾತ್ರ ಇಲ್ಲೂ ಬರೆದಿಲ್ಲ. ಇನ್ನೂ ಅಲ್ಲೇ ಕೆಲಸಕ್ಕಿದ್ದೇನೆ.