ಮೌಶಿ ಹೊಲಿದ ಕುಂಚಿಗೆ

ವಿದ್ಯಾ, ಆ ಕುಂಚಿಗೆಯನ್ನು ಗಿರೀಶ ಕದ್ದಿರಲಿಲ್ಲ. ಅದನ್ನು ನಿನ್ನ ಅವ್ವನ ಕೈಯಿಂದಲೇ ಹೊಲಿಸಿಕೊಂಡವನು ನಾನು. ಆಕೆಯ ಬೇನೆಯನ್ನು ಕಣ್ಣಲ್ಲಿ ತುಂಬಿಕೊಂಡು, ಅದರಿಂದ ಒಂದು ವೇಷ ಮಾಡಿ, ತುಂಬಿದ ಸಭೆಯಲ್ಲಿ ನಿಲ್ಲಿಸಿ ನಗಿಸಿದವನೂ ನಾನೇ. ನೀನು ಕೇಳಿದಾಗ ಇಲ್ಲ ಎಂದೆ. ಅಂದಿನಿಂದ ಇಲ್ಲ ಎನ್ನುತ್ತಲೇ ಬದುಕಿದ್ದೇನೆ — ಬಾಯಿಬಿಟ್ಟು ಹೇಳದಿದ್ದಾಗಲೂ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ಬಿಟ್ಟು ಬಿಟ್ಟು ಹೇಳಹೊರಟರೆ ನಾನು ಮತ್ತೆ ಯಾವುದಾದರೂ ಸಂದಿಯಲ್ಲಿ ನುಸುಳಿಕೊಂಡು ಪಾರಾಗಿಬಿಡುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ಧಾರವಾಡದಿಂದ ಬೊಂಬಾಯಿಗೆ ಓದಲು ಬಂದು ಪವಾಯಿಯ ಹಾಸ್ಟೆಲಿನಲ್ಲಿದ್ದೆ. ರವಿವಾರ ಬಂತೆಂದರೆ ಘಾಟ್ಕೋಪರ್‌ನ ನಿಮ್ಮ ಮನೆ. ನಿನ್ನ ಅಪ್ಪ ತೀರಿಕೊಂಡು ಕೆಲವು ವರ್ಷವಾಗಿತ್ತು. ನೀನು ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್. ಮನೆಯಲ್ಲಿ ಹಗಲೆಲ್ಲ ಮೌಶಿ ಒಬ್ಬಳೇ. ನನ್ನವ್ವನ ಬೆನ್ನಿಗೆ ಹುಟ್ಟಿದ ತಂಗಿ. ನಾನು ಹೋದಾಗ ಬಿಸಿ ರೊಟ್ಟಿ, ಎಣ್ಣೆಗಾಯಿ, ಮರಳುವಾಗ ಒಂದು ಡಬ್ಬಿ ತುಂಬ ಶೇಂಗಾ ಚಟ್ನಿ. ‘ಹಾಸ್ಟೆಲ್‌ನ್ಯಾಗ ಏನ್ ತಿಂತೀಯೋ ಸುಧ್ಯಾ, ಗಲ್ಲ ಒಳಗ ಹೋಗ್ಯಾವ’ ಎನ್ನುತ್ತಿದ್ದಳು.

ಹಾಸ್ಟೆಲಿನಲ್ಲಿ ಆಗ ನಮಗೊಂದು ಆಟದ ಹುಚ್ಚು ಹಿಡಿದಿತ್ತು. ಸೀನಿಯರ್ ಒಬ್ಬನ ಅಣ್ಣ ಅಮೆರಿಕದಿಂದ ಕಳಿಸಿದ ನಿಯಮದ ಪುಸ್ತಕ, ಅದರ ಝೆರಾಕ್ಸ್ ಪ್ರತಿ, ಹಲವು ಮುಖದ ದಾಳಗಳು — ಅಷ್ಟೇ ಸಾಮಾನು. ಒಬ್ಬ ಕತೆ ನಡೆಸುತ್ತಾನೆ; ಉಳಿದವರು ತಲೆಗೊಂದು ಪಾತ್ರವಾಗಿ ಏನು ಮಾಡುತ್ತೇವೆಂದು ಹೇಳುತ್ತ ಹೋಗುತ್ತಾರೆ. ಕತೆ ಅಣುಬಾಂಬು ಬಿದ್ದ ಮೇಲಿನದು. ಲೋಕ ಸುಟ್ಟುಹೋಗಿದೆ, ಅಲ್ಲಿ ಇಲ್ಲಿ ಉಳಿದವರು ವಿಷದ ಬೂದಿಯಲ್ಲಿ ಅಲೆಯುತ್ತಿದ್ದಾರೆ. ನಾವು ಅದನ್ನು ನಮ್ಮ ಬೊಂಬಾಯಿಗೇ ತಂದುಕೊಂಡಿದ್ದೆವು: ಪವಾಯಿ ಕೆರೆ ಬತ್ತಿದೆ, ಲೋಕಲ್ ಗಾಡಿಗಳು ಹಳಿಯ ಮೇಲೆ ತುಕ್ಕು ಹಿಡಿದು ನಿಂತಿವೆ.

ಆ ಆಟದಲ್ಲಿ ಬಟ್ಟೆ ಬರೀ ಅಲಂಕಾರವಲ್ಲ. ಯಾರು ಏನು ತೊಟ್ಟಿದ್ದಾರೆ ಎನ್ನುವುದರ ಮೇಲೆ ಅವರು ಆ ಬೂದಿಯನ್ನು ಎಷ್ಟು ತಾಳಿಕೊಳ್ಳುತ್ತಾರೆ ಎಂಬುದು ನಿರ್ಧಾರವಾಗುತ್ತಿತ್ತು. ಗೋಣಿಚೀಲದ ಅಂಗಿಗೆ ಸ್ವಲ್ಪ ಬಲ, ಟೈರಿನ ರಬ್ಬರಿನ ಕವಚಕ್ಕೆ ಹೆಚ್ಚು. ತಲೆಗೆ ಏನಿದೆ ಎನ್ನುವುದು ಎಲ್ಲಕ್ಕಿಂತ ಮುಖ್ಯ. ನನಗೆ ಚಿತ್ರ ಬರೆಯಲು ಬರುತ್ತಿತ್ತು, ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಡಬ್ಬದ ತಗಡಿನ ಶಿರಸ್ತ್ರಾಣ, ಹರಿದ ರೇನ್‌ಕೋಟಿನ ಮುಸುಕು, ಮೀನಿನ ಬಲೆಯ ಪೇಟ — ಬರೆದು ಗೋಡೆಗೆ ಅಂಟಿಸುತ್ತಿದ್ದೆ. ಹುಡುಗರು ಬಂದು ನಿಂತು ನೋಡುತ್ತಿದ್ದರು. ಆ ಹೊಗಳಿಕೆ ನನಗೆ ಊಟಕ್ಕಿಂತ ಹೆಚ್ಚಾಗಿತ್ತು.

ವಾರ್ಷಿಕೋತ್ಸವಕ್ಕೆ ಈ ಆಟವನ್ನೇ ಒಂದು ನಾಟಕ ಮಾಡಿ ರಂಗದ ಮೇಲೆ ತರೋಣ ಎಂದಾಯಿತು. ಬಟ್ಟೆಗೆ ಗಿರೀಶನಿದ್ದ. ಮೈಸೂರು ಕಡೆಯ ಮನೆತನ, ಅಂಧೇರಿಯಲ್ಲಿ ವಾಸ. ಅವನ ತಂದೆ ಶೂಟಿಂಗ್‌ಗಳಿಗೆ ಉಡುಪು ಬಾಡಿಗೆಗೆ ಕೊಡುತ್ತಿದ್ದರು. ಟ್ರಂಕುಗಟ್ಟಲೆ ಹಳೆಯ ಬಟ್ಟೆ ತಂದುಹಾಕಿದ. ನಾನು ಅವನ್ನು ಚಹಾದ ಡಿಕಾಕ್ಷನ್ನಿನಲ್ಲಿ ಕುದಿಸಿ, ಇಟ್ಟಿಗೆ ಪುಡಿ ತಿಕ್ಕಿ, ತಂತಿಬ್ರಷ್‌ನಿಂದ ಗೀರಿ, ಅಂಚುಗಳನ್ನು ಮೇಣದಬತ್ತಿಯಲ್ಲಿ ಸುಟ್ಟು ಲೋಕಾಂತ್ಯದ ಬಟ್ಟೆ ಮಾಡುತ್ತಿದ್ದೆ.

ಮೌಶಿಗೆ ಬೇನೆ ಬಂದದ್ದೂ ಅದೇ ವರ್ಷ. ತಲೆಯೊಳಗೆ ಗಡ್ಡೆ. ಪರೇಲಿನ ಆಸ್ಪತ್ರೆಯಲ್ಲಿ ವಿಕಿರಣದ ‘ಕರೆಂಟ್’ ಕೊಡುತ್ತಿದ್ದರು — ಹಾಗೆಯೇ ಅಲ್ಲವೇ ನಾವು ಹೇಳುತ್ತಿದ್ದದ್ದು; ರೋಗದ ಹೆಸರನ್ನು ಮನೆಯಲ್ಲಿ ಯಾರೂ ಬಾಯಲ್ಲಿ ತರುತ್ತಿರಲಿಲ್ಲ. ಕಪಾಲದಿಂದ ಕುತ್ತಿಗೆಯವರೆಗೆ ನೇರಳೆ ಶಾಯಿಯ ಗೆರೆಗಳು, ತೊಳೆಯುವಂತಿಲ್ಲ. ಕೂದಲು ಹಿಡಿಹಿಡಿಯಾಗಿ ದಿಂಬಿಗೆ ಅಂಟಿಕೊಂಡು ಬಂತು. ಕಿವಿಯ ಹಿಂದೆ ಚರ್ಮ ಕರಕಲಾಗಿ ಸುಲಿಯತೊಡಗಿತು.

ಇಲ್ಲಿ ನಿಲ್ಲಿಸಿಬಿಡಬೇಕು ಅನಿಸುತ್ತದೆ. ಆದರೆ ಹೇಳುತ್ತೇನೆ — ನನಗೆ ಮೌಶಿಯನ್ನು ಕಂಡರೆ ಹೇಸಿಗೆಯಾಗುತ್ತಿತ್ತು. ಆ ಮುಲಾಮಿನ ವಾಸನೆ, ಬಾಯಿಯ ವಾಸನೆ. ಆಕೆ ನೀರು ಕೊಟ್ಟರೆ ಬಚ್ಚಲಿಗೆ ಹೋಗಿ ಲೋಟ ತೊಳೆದು ಬೇರೆ ನೀರು ತುಂಬಿಕೊಳ್ಳುತ್ತಿದ್ದೆ. ಚಟ್ನಿಯ ಡಬ್ಬಿಯನ್ನು ವಿಕ್ರೋಳಿ ದಾಟುವಾಗ ಬಸ್ಸಿನ ಕಿಟಕಿಯಿಂದ ಎಸೆದಿದ್ದೇನೆ. ನೀನು ದಿನವೂ ಆ ತಲೆಗೆ ಮುಲಾಮು ಸವರಿ, ಅದೇ ಕೈ ತೊಳೆದು ಆಫೀಸಿಗೆ ಓಡುತ್ತಿದ್ದೆ. ನಾನು ಜಡವಸ್ತುವನ್ನು ನೋಡುವಂತೆ ಆಕೆಯನ್ನು ನೋಡುತ್ತಿದ್ದೆ. ಗೆರೆ ಎಲ್ಲಿ ತಿರುಗುತ್ತದೆ, ಚರ್ಮ ಯಾವ ಬಣ್ಣಕ್ಕೆ ಬರುತ್ತದೆ...

ಬೋಳುತಲೆಗೆ ಸೆರಗು ತಾಕಿದರೆ ಉರಿ. ಅದಕ್ಕೆ ಆಕೆ ಹಳೆಯ ಮೆತ್ತನೆ ಸೀರೆಯನ್ನು ಒಳಗಿಟ್ಟು, ಹೊರಗೆ ಕುಪ್ಪಸದ ಖಣದ ಬಟ್ಟೆ ಹಾಕಿ, ಒಂದು ಕುಂಚಿಗೆ ಹೊಲಿದುಕೊಂಡಳು. ನಮ್ಮ ಕಡೆ ಹಸುಗೂಸಿಗೆ ಹಾಕುತ್ತಾರಲ್ಲ — ಕಿವಿ ಮುಚ್ಚಿ, ಕುತ್ತಿಗೆಯ ಮೇಲೆ ಇಳಿದು, ಗದ್ದದ ಕೆಳಗೆ ಕಟ್ಟುವಂಥದ್ದು. ‘ಮುದುಕಿ ಕೂಸಾಗೇನಿ ನೋಡು’ ಎಂದು ನಕ್ಕಳು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಇದೇ, ನನ್ನ ನಾಟಕಕ್ಕೆ ಬೇಕಾದದ್ದು ಇದೇ ಎನ್ನಿಸಿತು.

ಹಾಸ್ಟೆಲಿಗೆ ಮರಳಿ ಒಂದು ಪಾತ್ರ ಬರೆದೆ. ಬೂದಿ ಮುದುಕಿ. ಮುಟ್ಟಿದವರಿಗೆ ಬೇನೆ ಹತ್ತಿಸುವವಳು. ಗೆರೆ, ಕರಕಲು ಚರ್ಮ, ಕುಂಚಿಗೆ — ಯಾವುದನ್ನೂ ಬದಲಿಸಲಿಲ್ಲ. ಹುಡುಗರು ಬೆರಗಾದರು. ಎಲ್ಲಿಂದ ಹೊಳೆಯಿತೋ ಎಂದು ಗಿರೀಶ ಕೇಳಿದ. ಸುಮ್ಮನೆ ಹೊಳೆಯಿತು ಎಂದೆ.

ಆ ಮೇಲೆ ಒಂದು ಮಧ್ಯಾಹ್ನ, ನೀನು ಆಫೀಸಿನಲ್ಲಿದ್ದಾಗ, ಕ್ಲಾಸು ತಪ್ಪಿಸಿ ನಿಮ್ಮ ಮನೆಗೆ ಹೋದೆ. ನಾಟಕ ಮಾಡುತ್ತೇವೆ, ಇಂಥದೇ ಒಂದು ಕುಂಚಿಗೆ ಬೇಕಿತ್ತು ಎಂದೆ.

‘ಯಾರ ಪಾರ್ಟಿಗೋ?’

‘ರಾಣಿ ಪಾರ್ಟು, ಮೌಶಿ.’

‘ರಾಣಿಗೆ ಕುಂಚಿಗಿ ಯಾಕೋ, ಕಿರೀಟ ಹಾಕ್ರಿ.’

‘ಥಂಡಿ ದೇಶದ ರಾಣಿ.’

ಖುಷಿಪಟ್ಟಳು. ಎಷ್ಟೋ ದಿನದಿಂದ ಯಾರೂ ಆಕೆಯಿಂದ ಏನನ್ನೂ ಬಯಸಿರಲಿಲ್ಲ. ಮಷೀನಿನ ಹೊದಿಕೆ ತೆಗೆದಳು. ಸೂಜಿಗೆ ದಾರ ನಾನೇ ಪೋಣಿಸಿಕೊಟ್ಟೆ. ಅಳತೆಗೆಂದು ನನ್ನ ತಲೆಯ ಮೇಲಿಟ್ಟು ಗದ್ದದ ಕೆಳಗೆ ಕಟ್ಟಿ ನೋಡಿದಳು. ಆಕೆಯ ಬೆರಳು ಕೆನ್ನೆಗೆ ತಾಕುತ್ತಿದ್ದಷ್ಟು ಹೊತ್ತು ನಾನು ಉಸಿರು ಬಿಗಿಹಿಡಿದಿದ್ದೆ. ರಾಣಿಯದಲ್ಲವೇ ಎಂದು ಹಣೆಯಂಚಿಗೆ ಮಣಿ ಕೂಡಿಸಿದಳು. ಕೊಡುವಾಗ, ‘ವಿದ್ಯಾಗ ಹೇಳಬ್ಯಾಡ. ಮಷೀನ್ ತುಳದ್ರ ಬೈತಾಳ’ ಎಂದಳು.

ಹೇಳಲಿಲ್ಲ. ಹಾಸ್ಟೆಲಿನಲ್ಲಿ ಅದನ್ನು ಸೋಪು ಹಾಕಿ ಎರಡೆರಡು ಸಲ ಒಗೆದೆ — ಆಕೆ ಮುಟ್ಟಿದ್ದು ಹೋಗಲೆಂದು. ಮಣಿ ಕಿತ್ತೆ. ಚಹಾದಲ್ಲಿ ಕುದಿಸಿದೆ, ಬೂದಿ ತಿಕ್ಕಿದೆ, ಅಂಚು ಸುಟ್ಟೆ.

ಮುದುಕಿಯ ಪಾತ್ರ ಗಿರೀಶನದು. ಅವನಿಗೆ ಏನೂ ಗೊತ್ತಿರಲಿಲ್ಲ, ವಿದ್ಯಾ. ಮೌಶಿಗೆ ಬೇನೆ ಬರುವ ಮೊದಲು ಒಮ್ಮೆ ನನ್ನ ಜೊತೆ ನಿಮ್ಮ ಮನೆಗೆ ಊಟಕ್ಕೆ ಬಂದಿದ್ದ, ಅಷ್ಟೇ. ಆ ಮೇಲೆ ನೀವಿಬ್ಬರೂ ಆಗೀಗ ದಾದರ್‌ನಲ್ಲಿ ಭೇಟಿಯಾಗುತ್ತಿದ್ದದ್ದು ನನಗೆ ಗೊತ್ತಿತ್ತು. ಅವ್ವನಿಗೆ ಹುಷಾರಿಲ್ಲ ಎಂದಷ್ಟೇ ನೀನು ಅವನಿಗೆ ಹೇಳಿದ್ದೆ. ಅವನ ಕುತ್ತಿಗೆಗೆ ನಾನು ನೇರಳೆ ಶಾಯಿ ಎಳೆಯುವಾಗ ಕೇಳಿದ, ‘ಈ ಗೆರೆ ಯಾಕೋ?’ ನೋಡಲಿಕ್ಕೆ ಚೆನ್ನಾಗಿರುತ್ತದೆ ಎಂದೆ.

ನಿನ್ನನ್ನು ನಾಟಕಕ್ಕೆ ಕರೆದವನು ಅವನು. ತಾನು ಹೊಲಿದ ಕುಂಚಿಗೆ ತೊಟ್ಟ ರಾಣಿಯನ್ನು ನೋಡಬೇಕೆಂದು, ನಿನಗೆ ಕಾರಣ ಹೇಳದೆ ಹಟ ಹಿಡಿದು ನಿನ್ನ ಜೊತೆ ರಿಕ್ಷಾ ಹತ್ತಿದವಳು ಮೌಶಿ. ನೀವು ಬರುತ್ತೀರೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮಾಡುತ್ತಿರಲಿಲ್ಲ ಎಂದು ಹೇಳಲಾರೆ. ನೀವು ಬಾರದಂತೆ ಮಾಡುತ್ತಿದ್ದೆ — ಅಷ್ಟೇ.

ಗಿರೀಶ ಬಗ್ಗಿ, ಕೆಮ್ಮುತ್ತ, ಆ ಕುಂಚಿಗೆ ತೊಟ್ಟು ಒಳಗೆ ಬಂದ. ಉಳಿದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ‘ಹಾಥ್ ಮತ್ ಲಗಾನಾ, ಚಿಪಕ್ ಜಾಯೇಗೀ’ — ಮುಟ್ಟಬೇಡಿ, ಅಂಟಿಕೊಂಡುಬಿಡುತ್ತಾಳೆ. ಹಾಲ್ ಗೊಳ್ಳೆಂದಿತು. ಆ ಮಾತು ಬರೆದವನು ನಾನು. ಪಕ್ಕದ ಪರದೆಯ ಮರೆಯಲ್ಲಿ ಆ ನಗುವನ್ನು ಕುಡಿಯುತ್ತ ನಿಂತಿದ್ದೆ. ಆಗ ಕಂಡಿತು. ಮುಂದಿನ ಸಾಲಿನಲ್ಲಿ, ಅಂಥದೇ ಕುಂಚಿಗೆಯಲ್ಲಿ, ಕುತ್ತಿಗೆಯ ಮೇಲೆ ಅವೇ ಗೆರೆಗಳ ಮೌಶಿ. ಅಕ್ಕಪಕ್ಕದವರು ರಂಗವನ್ನೊಮ್ಮೆ, ಆಕೆಯನ್ನೊಮ್ಮೆ ನೋಡತೊಡಗಿದರು. ಆಕೆಯೂ ನಾಟಕದವಳೇ ಎಂದುಕೊಂಡು ಯಾರೋ ಕೂಗಿದರು, ‘ಏಕ್ ಇಧರ್ ಭೀ ಹೈ.’ ಇನ್ನೊಬ್ಬಳು ಇಲ್ಲಿದ್ದಾಳೆ. ಮತ್ತೆ ನಗು. ಆಕೆಯ ಪಕ್ಕದಲ್ಲಿ ಕುಳಿತಿದ್ದ ಹುಡುಗ ಆಟಕ್ಕೆಂದು ಮೂಗು ಮುಚ್ಚಿಕೊಂಡು ದೂರ ಸರಿದ.

ನೀನು ಎದ್ದು ನಿಂತೆ.

ರಂಗದ ಹಿಂದೆ ಬಂದು ಗಿರೀಶನ ತಲೆಯಿಂದ ಅದನ್ನು ಕಿತ್ತುಕೊಂಡೆ. ನಿನ್ನ ಮುಖ ನೆನಪಿದೆ. ‘ಇದು ನಮ್ಮ ಅವ್ವನ ಹೊಲಿಗಿ. ಎಲ್ಲಿಂದ ಕದ್ದಿ?’ ಎಂದೆ. ಗಿರೀಶ ಬಾಗಿಲಲ್ಲಿ ನಿಂತಿದ್ದ ಮೌಶಿಯನ್ನು ನೋಡಿದ. ಅವನಿಗೆ ಆಗ ಎಲ್ಲ ತಿಳಿಯಿತು — ಬಣ್ಣದ ಕೆಳಗೆ ಅವನ ಮುಖ ಹೇಗಾಯಿತೆಂದರೆ... ‘ನನಗೆ ಇದನ್ನ ಕೊಟ್ಟಿದ್ದು ಸುಧೀರ’ ಎಂದ, ಮೆಲ್ಲಗೆ.

ನೀನು ನನ್ನ ಕಡೆ ತಿರುಗಿದೆ. ನಾನು ಹೇಳಿದೆ: ‘ನಾನು ಕೊಟ್ಟಿಲ್ಲ. ಬಟ್ಟೆ ಎಲ್ಲಾ ಅವನೇ ತಂದದ್ದು. ಹಗಲು ಮೌಶಿ ಒಬ್ಬಳೇ ಇದ್ದಾಗ ಹೋಗಿ ತಂದಿರಬೇಕು.’

ನೀನು ಕಡೆಗೆ ಮೌಶಿಯನ್ನು ಕೇಳಿದೆ. ‘ಅವ್ವಾ, ನೀ ಯಾರಿಗರೆ ಕೊಟ್ಟಿದ್ದೇನು?’ ಮೌಶಿ ನನ್ನನ್ನು ನೋಡಿದಳು. ನಾನು ಕಣ್ಣಿನಲ್ಲೇ ಬೇಡಿದೆ. ಹೌದು, ಬೇಡಿದೆ. ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡು, ‘ನನಗ ನೆನಪಿಲ್ಲವಾ. ತಲಿ ಸುತ್ತಲಿಕ್ಕತ್ತದ, ಮನಿಗೆ ನಡಿ’ ಎಂದಳು.

ಗಿರೀಶ ಕಳ್ಳನಾದ. ನಾನು ನಿಮ್ಮ ಜೊತೆ ಅದೇ ರಿಕ್ಷಾದಲ್ಲಿ ಕುಳಿತು ಘಾಟ್ಕೋಪರ್‌ಗೆ ಬಂದೆ.

ಮುಂದಿನ ರವಿವಾರ ಅವನು ನಿಮ್ಮ ಮನೆಗೆ ಬಂದಿದ್ದ. ನೀನು ಬಾಗಿಲು ಪೂರ್ತಿ ತೆರೆಯದೆ, ಇನ್ನೊಮ್ಮೆ ಮುಖ ತೋರಿಸಬೇಡ ಎಂದು ಹೇಳಿ ಹಾಕಿಕೊಂಡೆ. ನಾನು ಒಳಗೆ ತಟ್ಟೆಯ ಮುಂದೆ ಕುಳಿತಿದ್ದೆ. ಏಳಲಿಲ್ಲ. ಮೌಶಿ ಅನ್ನ ಬಡಿಸಿದಳು. ಅವತ್ತು ಲೋಟ ತೊಳೆಯದೆ ನೀರು ಕುಡಿದೆ — ಅಷ್ಟರಿಂದಲೇ ಏನೋ ತೀರಿತು ಎಂಬಂತೆ.

ಆಕೆ ನನ್ನನ್ನು ಏನೂ ಕೇಳಲಿಲ್ಲ. ಅಕ್ಕನ ಮಗನೆಂದು ಕ್ಷಮಿಸಿದಳು ಎಂದುಕೊಂಡು ವರ್ಷಗಟ್ಟಲೆ ನನ್ನನ್ನು ಸಮಾಧಾನ ಮಾಡಿಕೊಂಡೆ. ಹಾಗಿರಲಿಕ್ಕಿಲ್ಲ. ತನ್ನನ್ನು ಅಣಕಿಸುವ ವೇಷವನ್ನು ತಾನೇ ಕೂತು ಹೊಲಿದುಕೊಟ್ಟೆ, ಮಣಿ ಕೂಡಿಸಿ ಕೊಟ್ಟೆ ಎಂದು ಮಗಳ ಮುಂದೆ ಹೇಳಲು ಆಕೆಗೆ ನಾಚಿಕೆಯಾಗಿರಬೇಕು. ನನ್ನ ನಾಚಿಕೆಯನ್ನು ಆಕೆಯೇ ಹೊತ್ತಳು. ಕೊನೆಯ ಸಲ ಪರೇಲಿನಲ್ಲಿ ನೋಡಿದಾಗ ಆಕೆಗೆ ಮಾತು ಎಳೆಯುತ್ತಿತ್ತು. ‘ನಿನ್ನ ರಾಣಿ... ಕಡೀಕ ಏನಾದ್ಲು?’ ಎಂದು ಕೇಳಿದಳು. ನೀವು ನಡುವೆಯೇ ಎದ್ದು ಹೋಗಿದ್ದಿರಿ, ಕೊನೆ ನೋಡಿರಲಿಲ್ಲ. ನಾಟಕದಲ್ಲಿ ಅವಳನ್ನು ಕೋಲಿನಿಂದ ತಳ್ಳಿಕೊಂಡು ಹೋಗಿ ಬಟ್ಟೆಯ ಸಮೇತ ಸುಡುತ್ತಾರೆ. ‘ಉಳಿದಳು ಮೌಶಿ’ ಎಂದೆ. ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು. ನಂಬಿದಳೋ, ನನ್ನನ್ನು ನೋಡಲಾರದೆ ತಿರುಗಿದಳೋ...

ಹೋದ ತಿಂಗಳು ನಿನ್ನ ಮೊಮ್ಮಗಳ ಹೆಸರಿಡುವ ದಿನ, ಎಲ್ಲರೂ ಊಟಕ್ಕೆ ಕೂತಾಗ, ಹಳೆಯ ಮಾತು ಬಂತು. ಅಂಧೇರಿಯ ಒಬ್ಬ ಹುಡುಗ ನಿಮ್ಮ ಅಜ್ಜಿಯ ಬೇನೆಯನ್ನು ತಮಾಷೆ ಮಾಡಿದ್ದ, ಅಂಥವನನ್ನು ನಾನು ನಂಬಿದ್ದೆ ಎಂದು ನೀನು ಮಕ್ಕಳಿಗೆ ಹೇಳುತ್ತಿದ್ದೆ. ಹೇಳುತ್ತ ನನ್ನ ಕಡೆ ನೋಡಿದೆ. ನಾನು ಹೋಳಿಗೆ ಮುರಿಯುತ್ತ, ‘ಹೌದು, ಹಲ್ಕಟ್ ಮನುಷ್ಯ’ ಎಂದೆ. ಆ ತುತ್ತು ಗಂಟಲಲ್ಲಿ ನಿಲ್ಲಲಿಲ್ಲ, ವಿದ್ಯಾ. ಸಲೀಸಾಗಿ ಇಳಿಯಿತು. ಇನ್ನೊಂದು ಬಡಿಸಿಕೊಂಡೆ. ನನ್ನ ಬಗ್ಗೆ ನನಗೆ ವಾಕರಿಕೆ ಹುಟ್ಟಿಸಿದ್ದು ಅದೇ — ಇಷ್ಟು ಸುಲಭವಾಗಿ ಇಳಿದುಹೋದದ್ದು.

ನಿನ್ನೆ ಅಂಧೇರಿಗೆ ಹೋಗಿದ್ದೆ. ಗಿರೀಶ ಅಪ್ಪನ ಅಂಗಡಿಯನ್ನೇ ನಡೆಸುತ್ತಿದ್ದಾನೆ. ಶಾಲೆ ಮಕ್ಕಳ ಫ್ಯಾನ್ಸಿ ಡ್ರೆಸ್ಸಿಗೆ ಉಡುಪು ಕೊಡುತ್ತಾನೆ. ಗುರುತು ಹಿಡಿದ. ಕೂರು ಎನ್ನಲಿಲ್ಲ. ‘ವಿದ್ಯಾಗೆ ನಿಜ ಹೇಳುತ್ತೇನೆ, ಮೊದಲು ನಿನಗೆ ತಿಳಿಸಬೇಕು ಅನ್ನಿಸಿತು’ ಎಂದೆ. ಅವನು ಒಂದು ಪುಟ್ಟ ಪೊಲೀಸ್ ಅಂಗಿಯನ್ನು ಮಡಿಸುತ್ತಲೇ ಇದ್ದ. ‘ಅವಳಿಗೆ ಹೇಳು. ನನ್ನ ಹತ್ರ ಏನೂ ಕೇಳ್ಬೇಡ’ ಎಂದು ಗಿರಾಕಿಯ ಕಡೆ ತಿರುಗಿದ. ಕ್ಷಮೆ ಎನ್ನುವ ಮಾತು ನನ್ನ ಬಾಯಿಂದ ಹೊರಡುವ ಮೊದಲೇ ಅವನು ಅದನ್ನು ತಡೆದಿದ್ದ. ಸರಿಯಾಗಿಯೇ ಮಾಡಿದ.

ನಾಳೆ ರವಿವಾರ. ಮಗಳು, ಅಳಿಯ ಎಲ್ಲ ನಿನ್ನ ಮನೆಯಲ್ಲಿರುತ್ತಾರೆ. ಗಿರೀಶನನ್ನು ಹಲ್ಕಟ್ ಎಂದದ್ದು ಅವರ ಮುಂದೆ. ಈ ಬರೆದಿಟ್ಟದ್ದನ್ನೂ ಅವರ ಮುಂದೆಯೇ ಓದಿ ಹೇಳುತ್ತೇನೆ. ಬೆಳಿಗ್ಗೆಯೇ ಬರುತ್ತೇನೆ, ನೀನು ಒಲೆ ಹಚ್ಚುವ ಮೊದಲು. ನಿನ್ನ ಮನೆಯ ಅನ್ನ ಉಂಡ ಮೇಲೆ ನಾನು ಇದನ್ನು ಹೇಳುವವನಲ್ಲ.